ಸ್ವರ ಸಂದೇಹ: ಕನಕಾಂಗಿಯ ಗಾಂಧಾರ ಎಲ್ಲಿದೆ?

ಪ್ರಶ್ನೆ: ನಾನು ಕಲಿಯುತ್ತಿರುವುದು ಹಿಂದೂಸ್ತಾನಿ. ಕರ್ನಾಟಕ ಸಂಗೀತದ 72 ಮೇಳಗಳಲ್ಲಿ (ಏಳು ಸ್ವರಗಳ ಮೂಲ ರಾಗಗಳಲ್ಲಿ) ಮೊದಲನೆಯದಾದ ಕನಕಾಂಗಿಯಲ್ಲಿ ‘ಎಲ್ಲವೂ ಶುದ್ಧ ಸ್ವರಗಳೇ’ ಎಂದು ಓದಿ ಹಾರ್ಮೋನಿಯಂ ಮೇಲೆ ನುಡಿಸಿದೆ. ಬಂದದ್ದು ನಮ್ಮ ಶುದ್ಧ ಸ್ವರಗಳ ಬಿಲಾವಲ್! ತಪ್ಪೆಲ್ಲಿ? (ಓದುಗರು, ಧಾರವಾಡ)

ಉತ್ತರ: ‘ಶುದ್ಧ’ ಎಂಬ ಮಾತಿನಲ್ಲೇ. ಕರ್ನಾಟಕ ಪದ್ಧತಿಯಲ್ಲಿ ಆಯಾ ಸ್ವರದ ತೀರಾ ತಗ್ಗಿನ ಸ್ಥಾನಕ್ಕೆ ಶುದ್ಧ ಎನ್ನುತ್ತಾರೆ. ನಿಮ್ಮ ಮಾತಿನಲ್ಲಿ ಹೇಳುವುದಾದರೆ ಸಾ, ಕೋಮಲ ರೇ, ಶುದ್ಧ ರೇ, ಶುದ್ಧ ಮ, ಪ, ಕೋಮಲ ಧ, ಶುದ್ಧ ಧ. ಬಿಳಿ 1ರಲ್ಲಿ ಷಡ್ಜ ಇಟ್ಟುಕೊಂಡರೆ ಕಪ್ಪು 1, ಬಿಳಿ 2, ಬಿಳಿ 4, ಬಿಳಿ 5, ಕಪ್ಪು 4, ಬಿಳಿ 6. ನಡುವೆ ಬಿಳಿ 3 ಮುಟ್ಟಿದಿರೋ, ರಾಗ ಕೈತಪ್ಪಿತು.

ಪ್ರಶ್ನೆ: ಬಿಳಿ 2 ಚತುಶ್ರುತಿ ರಿಷಭದ (ಶುದ್ಧ ರಿಷಭಕ್ಕಿಂತ ಒಂದು ಮನೆ ಮೇಲಿನ ರಿ) ಜಾಗ ಅಲ್ಲವೇ? ಅದನ್ನೇ ಗಾಂಧಾರ ಎಂದು ಕರೆಯುವುದು ಯಾಕೆ? (ವೀಣೆ ಕಲಿಯುವವರು, ಮೈಸೂರು)

ಉತ್ತರ: ಒಂದು ಮೇಳದಲ್ಲಿ ಏಳೂ ಸ್ವರಗಳು ಒಂದೊಂದು ಸಲ ಬರಲೇಬೇಕು ಎಂಬ ಲೆಕ್ಕದಿಂದ. ಕೆಳಗಿನದು ರಿ ಆದ ಮೇಲೆ ಅದರ ಪಕ್ಕದ್ದು ಗ ಆಗಲೇಬೇಕು. ನಿಷಾದದ್ದೂ ಇದೇ ಕಥೆ. ಅದು ಕುಳಿತಿರುವುದು ಚತುಶ್ರುತಿ ಧೈವತದ ಜಾಗದಲ್ಲಿ. ಹೀಗೆ ಒತ್ತಿಕೊಂಡು ಕೂರುವ ಜೋಡಿ ಇರುವ ಮೇಳಗಳನ್ನು ವಿವಾದಿ ಎನ್ನುತ್ತಾರೆ. 72ರಲ್ಲಿ 40 ಮೇಳಗಳು ವಿವಾದಿಗಳೇ.

ಪ್ರಶ್ನೆ: ಇದು ಲೆಕ್ಕಕ್ಕಾಗಿ ಹುಟ್ಟಿಸಿದ ಮೇಳ ತಾನೆ? (ಓದುಗರು, ತುಮಕೂರು)

ಉತ್ತರ: ಹೆಸರು ಈಚಿನದು, ಸ್ವರಗಳು ಹಳೆಯವು. ವಿಜಯನಗರದ ರಾಮಾಮಾತ್ಯ 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ ಮೊದಲ ಮೇಳವೇ ಇದು, ಹೆಸರು ಮಾತ್ರ ಮುಖಾರಿ. ಇವತ್ತು ನಾವು ಹಾಡುವ ಮುಖಾರಿ ಬೇರೆಯದೇ, ಖರಹರಪ್ರಿಯ ಮೇಳದಿಂದ ಹುಟ್ಟಿದ ರಾಗ.

ಪ್ರಶ್ನೆ: ಕೀಬೋರ್ಡಿನಲ್ಲಿ ನುಡಿಸಿದರೆ ಧೈವತ ತಂಬೂರಿಯ ಜೊತೆ ಕೂಡುವುದಿಲ್ಲ. ಕಿವಿಯ ದೋಷವೇ? (ಓದುಗರು, ಶಿವಮೊಗ್ಗ)

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ಷಡ್ಜವನ್ನು 240 ಹರ್ಟ್ಸ್‌ಗೆ ಇಟ್ಟು ನೋಡಿ, ಲೆಕ್ಕ ಪೂರ್ಣಾಂಕಗಳಲ್ಲೇ ಬರುತ್ತದೆ: ರಿ 256, ಗ 270, ಮ 320, ಪ 360, ಧ 384, ನಿ 405, ಮೇಲಿನ ಸ 480. ಕೀಬೋರ್ಡು ಸ್ಥಾಯಿಯನ್ನು (ಸದಿಂದ ಮೇಲಿನ ಸವರೆಗಿನ ಅಂತರ) 12 ಸಮಪಾಲು ಮಾಡಿರುವುದರಿಂದ ಅದರ ಧ 381ಕ್ಕೇ ನಿಲ್ಲುತ್ತದೆ. 384ರ ಧೈವತದ ಐದನೇ ಅನುಸ್ವರ (ಸ್ವರದ ಜೊತೆಗೇ ಮೊಳಗುವ, ಅದರ ಐದು ಪಟ್ಟು ಕಂಪನದ ನಾದ) 1920. ತಂಬೂರಿಯ ಷಡ್ಜದ ಎಂಟನೆಯದೂ 1920, ಎರಡೂ ಬೆರೆತುಹೋಗುತ್ತವೆ. 381ರದ್ದು 1905ಕ್ಕೆ ಬಂದು ಸೆಕೆಂಡಿಗೆ ಹದಿನೈದು ಸಲ ಬಡಿದಾಡುತ್ತದೆ. ನೀವು ಕೇಳುತ್ತಿರುವ ಒರಟು ಅದೇ. ರಿಷಭವೂ 254ರ ಹತ್ತಿರ ಬಂದು ಸ್ವಲ್ಪ ತಗ್ಗುತ್ತದೆ. ಗ, ಮ, ಪಗಳಲ್ಲಿ ವ್ಯತ್ಯಾಸ ಕಿವಿಗೆ ಸಿಗುವುದೇ ಕಷ್ಟ. ಸ್ವರ ಒಂದೊಂದನ್ನೇ ಶ್ರುತಿ ಮಾಡುವ ಸೌಲಭ್ಯ ನಿಮ್ಮ ಕೀಬೋರ್ಡಿನಲ್ಲಿದ್ದರೆ ರಿಯನ್ನು 12, ಧವನ್ನು 14 ಸೆಂಟ್ ಏರಿಸಿ (ಪಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್).

ನಿಷಾದದ ಬಗ್ಗೆ ಒಂದು ಎಚ್ಚರಿಕೆ. ತಂಬೂರಿಗೆ ಹಿತವಾಗಿ ಒಪ್ಪುವ ಇನ್ನೊಂದು ಸ್ಥಾನ 400ರಲ್ಲಿದೆ, ಗಂಟಲು ಅತ್ತಲೇ ಜಾರುತ್ತದೆ. ಅಲ್ಲಿ ನಿಂತರೆ ಧ-ನಿ ನಡುವೆ ಉಳಿಯುವುದು 71 ಸೆಂಟ್ ಮಾತ್ರ, ಎರಡೂ ಒಂದೇ ಸ್ವರದ ಅಲುಗಾಟದಂತೆ ಕೇಳುತ್ತವೆ. 405ರಲ್ಲಿ ನಿಲ್ಲಿಸಿದರೆ 92 ಸೆಂಟ್ ಸಿಗುತ್ತದೆ, ರಿ-ಗ ನಡುವೆ ಇರುವಷ್ಟೇ. ವೀಣೆಯಲ್ಲಿ ಇದನ್ನು ಸುಲಭವಾಗಿ ಪರೀಕ್ಷಿಸಬಹುದು: ಪಂಚಮ ತಂತಿಯ 2ನೇ ಮೆಟ್ಟಿಲು, ಸಾರಣಿಯ (ಷಡ್ಜಕ್ಕೆ ಶ್ರುತಿ ಮಾಡಿದ ಮೊದಲ ತಂತಿ) 9ನೇ ಮೆಟ್ಟಿಲು ಮೀಟಿ. ಒಂದು ಸ್ಥಾಯಿ ಅಂತರದಲ್ಲಿ ಎರಡೂ ಒಂದೇ ಸ್ವರವಾಗಬೇಕು. ಆಗದಿದ್ದರೆ, ತಂತಿಗಳ ಶ್ರುತಿ ಸರಿಯಿದೆಯೇ ಎಂದು ಮೊದಲು ನೋಡಿ. ಅದು ಸರಿಯಿದ್ದರೆ ಮೇಣದಲ್ಲಿ ಮೆಟ್ಟಿಲು ಸರಿದಿದೆ ಎಂದೇ ಅರ್ಥ.

ಪ್ರಶ್ನೆ: ಹಾಡುವಾಗ ಇಳಿಕೆಯಲ್ಲಿ ಗಾಂಧಾರ ಮೇಲೇ ಉಳಿದುಬಿಡುತ್ತದೆ. ಏನು ಮಾಡಲಿ? (ಗಾಯನ ಕಲಿಯುವವರು, ಬೆಂಗಳೂರು)

ಉತ್ತರ: ಮ-ಗ ನಡುವೆ 294 ಸೆಂಟಿನ ಹಳ್ಳ. ಅಭ್ಯಾಸದ ಗಂಟಲು ನಡುವೆ ಸಾಧಾರಣ ಗಾಂಧಾರದಲ್ಲೇ (ಹಿಂದೂಸ್ತಾನಿಯ ಕೋಮಲ ಗ) ಕಾಲೂರಿಬಿಡುತ್ತದೆ. ಕೆಲವು ದಿನ ಮ-ಗ ಇಳಿಕೆಯನ್ನೇ ಬಿಡಿ. ತಂಬೂರಿಯ ಪಂಚಮ ಕೇಳುತ್ತಾ ಕೆಳಗಿನಿಂದ ಗಾಂಧಾರಕ್ಕೆ ಬನ್ನಿ. ಅದನ್ನೇ ಷಡ್ಜ ಎಂದುಕೊಂಡರೆ ತಂಬೂರಿಯ ಪಂಚಮವು ಅದಕ್ಕೆ ಶುದ್ಧ ಮಧ್ಯಮವಾಗಿ ಕೇಳಬೇಕು. ಆ ಗಾಂಧಾರದಿಂದಲೇ ‘ಸ-ಪ’ ಹಾಡಿದರೆ ನಿಷಾದ ಸಿಗುತ್ತದೆ. ರಿಯಿಂದ ಹಾಡಿದರೆ ಧೈವತ. ಈ ಎರಡು ಜೋಡಿ ಗಟ್ಟಿಯಾದ ಮೇಲೆ ಮ-ಗ ಇಳಿಯಿರಿ, ಮೊದಲು ನಿಧಾನವಾಗಿ, ಜಾರು ಇಲ್ಲದೆ.

ಗಮಕದ, ಅಂದರೆ ಸ್ವರವನ್ನು ಅಲುಗಿಸುವ ಆಸೆ ಸದ್ಯಕ್ಕೆ ಬೇಡ. ಮಾಯಾಮಾಳವಗೌಳದಲ್ಲಿ ಷಡ್ಜದಿಂದ ಅಲುಗಿಸುವ ರಿಷಭವನ್ನು ಇಲ್ಲಿಗೆ ತಂದರೆ ಗಾಂಧಾರದ ಜಾಗವನ್ನೇ ನುಂಗುತ್ತದೆ. ಗಾಂಧಾರವನ್ನು ಅಲುಗಿಸಿದರಂತೂ ಕೇಳುವವರ ಕಿವಿಗೆ ಅದು ಚತುಶ್ರುತಿ ರಿಷಭವೇ. ಎರಡನ್ನೂ ನೇರವಾಗಿ ನಿಲ್ಲಿಸಿ. ಏರಿಕೆಯಲ್ಲಿ ಸ-ರಿ-ಗ ಒಂದರ ಹಿಂದೊಂದು ತೀರಾ ಬಿಗಿ ಎನಿಸಿದರೆ ಮುತ್ತುಸ್ವಾಮಿ ದೀಕ್ಷಿತರ ಪರಂಪರೆಯ, ಇವೇ ಸ್ವರಗಳ ಕನಕಾಂಬರಿ ರಾಗದಿಂದ ಶುರುಮಾಡಬಹುದು. ಅದರ ಆರೋಹಣ ಸ ರಿ ಮ ಪ ಧ ಸ. ಗ, ನಿ ಎರಡೂ ಇಳಿಕೆಯಲ್ಲಷ್ಟೇ ಬರುತ್ತವೆ.