ಜೀವನಾಂಶದ ಕೇಸನ್ನು ಪೂರ್ತಿ ಮುಚ್ಚಿದ ಬಾಗಿಲ ಹಿಂದೆಯೇ ನಡೆಸಿ ಎಂದು ಕೇಳಬಹುದೇ?

ಕೇಳಬಹುದು. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಇಬ್ಬರಲ್ಲಿ ಒಬ್ಬರು ಕೇಳಿದರೂ ಸಾಕು, ವಿಚಾರಣೆ ಇನ್ ಕ್ಯಾಮೆರಾ, ಅಂದರೆ ಹೊರಗಿನವರಿಲ್ಲದೆ ಬಾಗಿಲು ಮುಚ್ಚಿ, ನಡೆಸಲೇಬೇಕು. ಆದರೆ 'ಪೂರ್ತಿ' ಅಂತೀರಲ್ಲ, ನಾನು ಎಡವಿದ್ದೂ ಅಲ್ಲೇ.

ಗಂಡನ ಕಡೆಯವರು ಹಿಂದಿನ ಬೆಂಚಲ್ಲಿ ಕೂತು ಕೇಳಿಸಿಕೊಂಡು ಊರೆಲ್ಲ ಹಬ್ಬಿಸುತ್ತಾರೆ ಅನ್ನೋ ಭಯ ನನಗೆ. ಮೊದಲ ವಾಯಿದೆಯಲ್ಲೇ ಅರ್ಜಿ ಹಾಕಿಸಿದೆ. ಅವರೆಲ್ಲ ಹೊರಗೆ ಹೋದರು. ಅವರ ಹಿಂದೆಯೇ ನನ್ನ ಅಣ್ಣನೂ ಹೋಗಬೇಕಾಯಿತು. ಇದು ನನಗೆ ಹೊಳೆದೇ ಇರಲಿಲ್ಲ.

ಪಾಟೀ ಸವಾಲಿನ ದಿನ ನಮ್ಮ ವಕೀಲರು ಬರಲಿಲ್ಲ, ಜೂನಿಯರ್ ಬಂದಿದ್ದರು. 'ಟ್ಯೂಷನ್ ಹೇಳ್ತೀರಾ?' ಎಂದರು ಎದುರಿನ ವಕೀಲರು. ಪರೀಕ್ಷೆ ಟೈಮಲ್ಲಿ ಎರಡು ತಿಂಗಳು ಪಕ್ಕದ ಮನೆ ಮಕ್ಕಳಿಗೆ ಹೇಳಿಕೊಟ್ಟಿದ್ದೆ, ಒಟ್ಟು 6,000 ರೂಪಾಯಿ ಬಂದಿತ್ತು. ಹಾಗೇ ಹೇಳಿದೆ. ಟೈಪ್ ಆಗಿದ್ದು 'ತಿಂಗಳಿಗೆ 6,000 ಸಂಪಾದಿಸುತ್ತೇನೆ ಎಂದರೆ ಸರಿ' ಅಂತ, ಅಂದರೆ ನಾನೇ ಅದನ್ನು ಒಪ್ಪಿಕೊಂಡ ಹಾಗೆ. ಕೈ ನಡುಗುತ್ತಿತ್ತು, ಹೊರಗೆ ಹೋದರೆ ಸಾಕಾಗಿತ್ತು, ಓದದೆ ಸಹಿ ಹಾಕಿದೆ. ಜೂನಿಯರ್ ಮೊಬೈಲ್ ನೋಡುತ್ತಿದ್ದರು. ಬರೆಸುವಾಗ ಜಡ್ಜ್ ಜೋರಾಗಿಯೇ ಹೇಳುತ್ತಾರೆ. ಹಿಂದೆ ಅಣ್ಣ ಇದ್ದಿದ್ದರೆ 'ಒಟ್ಟು', 'ತಿಂಗಳಿಗೆ' ಎರಡರ ವ್ಯತ್ಯಾಸ ಅವನ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ಬ್ಯಾಂಕಲ್ಲಿ ಕ್ಯಾಷಿಯರ್ ಅವನು. ಆದೇಶದಲ್ಲಿ ಅದೇ ಸಾಲು ಕಾಣಿಸಿತು. ಜೀವನಾಂಶ ಕಡಿಮೆಯಾಯಿತು.

ಜನರ ಕಣ್ಣಿದ್ದರೆ ಕೋರ್ಟೂ ಹದ್ದುಬಸ್ತಿನಲ್ಲಿರುತ್ತದೆ ಅನ್ನೋ ಮಾತನ್ನು ಸುಪ್ರೀಂ ಕೋರ್ಟ್ 1966ರಲ್ಲಿ ಮಿರಾಜ್ಕರ್ ಎಂಬ ಪತ್ರಕರ್ತರ ಕೇಸಲ್ಲೇ ಒಪ್ಪಿದೆ. ಆದರೂ ಅದೇ ಕೇಸಲ್ಲಿ, ತನ್ನ ವ್ಯಾಪಾರಕ್ಕೆ ಪೆಟ್ಟು ಅಂದ ಸಾಕ್ಷಿಯ ಹೇಳಿಕೆ ಪೇಪರಿನಲ್ಲಿ ಬರದಂತೆ ತಡೆದ ಆದೇಶವನ್ನು ಎತ್ತಿಹಿಡಿಯಿತು. ನನಗಂತೂ ಅದು ಒಪ್ಪಿಗೆಯಿಲ್ಲ. ಅತ್ಯಾಚಾರದ ಕೇಸಿಗೆ ಬಾಗಿಲು ಹಾಕುವುದು ನ್ಯಾಯ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಕೇಸಿಗೂ ನ್ಯಾಯ. ಅಲ್ಲೂ ನೋಡಿ, ಅಪ್ಪ ಅಮ್ಮ ಅಥವಾ ಮಗು ನಂಬಿದ ಒಬ್ಬರು ಜೊತೆಗಿರಬೇಕು ಎಂದು ಪೋಕ್ಸೋ ಕಾಯ್ದೆಯ 37ನೇ ಸೆಕ್ಷನ್ ಹೇಳುತ್ತದೆ. ನಾನು ಮಾತ್ರ ನನ್ನವರನ್ನು ನಾನೇ ಹೊರಗೆ ಹಾಕಿಸಿಕೊಂಡೆ.

ನಿಮ್ಮ ಕೇಸಲ್ಲಿ ಬರುವುದು ಗಂಡನ ಸಂಬಳ, ಮನೆ ಬಾಡಿಗೆ, ಮಗುವಿನ ಫೀಸು ಅಂತ ನೀವೇ ಬರೆದಿದ್ದೀರಿ. ಇದರಲ್ಲಿ ನೀವು ಮುಚ್ಚಿಡಬೇಕಾದ್ದು ಏನಿದೆ? ನಾಚಿಕೆ ಪಡಬೇಕಾದವನು ಅವನು ಅಲ್ವಾ? ತೀರಾ ಖಾಸಗಿ ವಿಷಯ ಬರುವ ದಿನಕ್ಕೆ ಮಾತ್ರ ಕೇಳಿ. ಅವತ್ತೂ ನಿಮ್ಮ ಕಡೆಯ ಒಬ್ಬರು ಒಳಗಿರಲು ಅನುಮತಿ ಕೊಡಿ ಎಂದು ಅದೇ ಅರ್ಜಿಯಲ್ಲಿ ಬರೆಸಿ. 'ಎಂದರೆ ಸರಿ' ಅಂತ ಮುಗಿಯುವ ಸಾಲುಗಳನ್ನು ಅವರಿಂದಲೂ ಓದಿಸಿ, ಆಮೇಲೆ ಪೆನ್ನು ಹಿಡಿಯಿರಿ.