ಚಾಮುಂಡಿ ಬೆಟ್ಟದಿಂದ ಅರೋರಾ ಕಾಣುತ್ತಾ?

ಸೂರ್ಯನಲ್ಲಿ ಎಕ್ಸ್ ದರ್ಜೆಯ (ಅತಿ ಜೋರಿನ ವರ್ಗದ) ಸೌರಜ್ವಾಲೆ ಸಿಡಿದಿದೆಯಂತೆ, ಇವತ್ತು ರಾತ್ರಿ ಚಾಮುಂಡಿ ಬೆಟ್ಟ ಹತ್ತಿದರೆ ಅರೋರಾ, ಅಂದರೆ ಆಕಾಶದಲ್ಲಿ ಹರಡುವ ಬಣ್ಣದ ಬೆಳಕು, ಕಾಣುತ್ತಾ ಅಂತ ಕೇಳಿದ್ದೀರಿ. ಇಲ್ಲ ಸರ್, ಸುಮ್ನೆ ಪೆಟ್ರೋಲ್ ದಂಡ. 2024ರ ಮೇ 10-11ರಂದು ಜಿ5 ಮಟ್ಟದ (ಜಿ1ರಿಂದ ಜಿ5ರವರೆಗಿನ ಅಳತೆಯಲ್ಲಿ ಅತಿ ಜೋರಿನ) ಭೂಕಾಂತೀಯ ಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದ ಅಲ್ಲೋಲಕಲ್ಲೋಲ, ಬಂದಾಗ ಲಡಾಖಿನ ಹಾನ್ಲೆಯಲ್ಲಿ ಕ್ಯಾಮೆರಾಗೆ ಕೆಂಪು ಬೆಳಕು ಸಿಕ್ಕಿದ್ದು ನಿಜ. ಆದರೆ ನಮ್ಮ ಮೈಸೂರು ಭೂಮಿಯ ಕಾಂತೀಯ ಸಮಭಾಜಕದ ಹತ್ತಿರವೇ ಇದೆ. ಅರೋರಾ ಧ್ರುವಗಳ ಕಡೆಯದು.

ಇನ್ನೊಂದು ವಿಷಯ. ಜ್ವಾಲೆ ಬೇರೆ, ಬಿರುಗಾಳಿ ಬೇರೆ. ಜ್ವಾಲೆಯ ಎಕ್ಸ್-ರೇ ಇಲ್ಲಿಗೆ ಬರಲು ಬರೀ 8 ನಿಮಿಷ ಸಾಕು. ನೀವು ಸುದ್ದಿ ಓದುವ ಹೊತ್ತಿಗೆ ಅದು ಹಳೇ ಕಥೆ. ಬಿರುಗಾಳಿ ಎಬ್ಬಿಸುವುದು ಸೂರ್ಯ ಉಗುಳುವ ಬಿಸಿ ಪ್ಲಾಸ್ಮಾದ ಮೋಡ. ಅದಕ್ಕೆ ಸಾಮಾನ್ಯವಾಗಿ 1ರಿಂದ 3 ದಿನ ಬೇಕು. ಪ್ರತಿ ಜ್ವಾಲೆಯ ಜೊತೆಗೂ ಅದು ಬರುವುದಿಲ್ಲ, ಬಂದರೂ ನಮ್ಮ ದಿಕ್ಕಿಗೇ ಬರಬೇಕೆಂದಿಲ್ಲ.

ನಮ್ಮ ದಿಕ್ಕಿಗೇ ಬಂತು ಅನ್ನಿ. ಆಗಲೂ ಅದರೊಳಗಿನ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೇ ಏಟು ಜೋರು. ಇದು ಖಚಿತವಾಗಿ ಗೊತ್ತಾಗುವುದು ಮೋಡ ಸೂರ್ಯ-ಭೂಮಿ ನಡುವಿನ ಎಲ್1 ಬಿಂದು ದಾಟುವಾಗ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ, ಸೂರ್ಯನನ್ನು ಗಮನಿಸುವ ನಮ್ಮ ಆದಿತ್ಯ-ಎಲ್1 ನೌಕೆ ಇರುವುದೂ ಅಲ್ಲೇ. ಅಲ್ಲಿಂದ ಸಿಗುವ ಮುನ್ಸೂಚನೆ ಹೆಚ್ಚೆಂದರೆ ಒಂದು ಗಂಟೆ! ಎರಡು ದಿನ ಮೊದಲೇ ಹೇಳುವ 'ಜಿ4' ಒಂದು ಅಂದಾಜು ಅಷ್ಟೇ, ಮಳೆ ಮುನ್ಸೂಚನೆ ಇದ್ದ ಹಾಗೆ.

ನೋಡಲೇಬೇಕಿದ್ದರೆ ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅಂತ ಹೇಳುವ ಕೆಪಿ ಸೂಚ್ಯಂಕ ನೋಡಿ. 0ಯಿಂದ 9ರವರೆಗೆ ಇರುತ್ತದೆ, 5 ಮುಟ್ಟಿದರೆ ಬಿರುಗಾಳಿ. ಅಂಥ ದಿನ ಜಿಪಿಎಸ್ ತಪ್ಪು ತೋರಿಸಬಹುದು. ಮಂಡ್ಯ ಕಡೆ ಗದ್ದೆಗೆ ಡ್ರೋನಿನಲ್ಲಿ ಔಷಧಿ ಹೊಡೆಯುವವರು ಸ್ವಲ್ಪ ಗಮನ ಇಟ್ಟುಕೊಳ್ಳಿ.