ಖಾತೆಯಲ್ಲಿ 28 ದಿನ: ವಿದ್ಯಾರ್ಥಿ ವೀಸಾಕ್ಕೆ ಹಣ ತೋರಿಸುವುದು ಹೇಗೆ?

ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವ ಮನೆಗಳಿಂದ ಬಂದ ಪತ್ರಗಳಿಗೆ ಈ ಸಲ ಉತ್ತರಿಸಿದ್ದೇವೆ. ಹಣ ಇದ್ದೂ ವೀಸಾ ತಪ್ಪಿಸಿಕೊಂಡವರು ಬಹಳ ಮಂದಿ. ಎಷ್ಟಿದೆ ಎಂಬುದರ ಜೊತೆಗೆ ಯಾರ ಹೆಸರಿನಲ್ಲಿದೆ, ಎಲ್ಲಿದೆ, ಎಷ್ಟು ದಿನದಿಂದ ಇದೆ ಎಂದೂ ವೀಸಾ ಅಧಿಕಾರಿಗಳು ನೋಡುತ್ತಾರೆ. ಬ್ರಿಟನ್ ವೀಸಾಕ್ಕಾದರೆ ಬೇಕಾದ ಮೊತ್ತ ಸತತ 28 ದಿನ ಖಾತೆಯಲ್ಲಿ ಇರಬೇಕು.

ಪ್ರಶ್ನೆ: ಮಗಳಿಗೆ ಇಂಗ್ಲೆಂಡಿನಲ್ಲಿ, ಲಂಡನ್ ಹೊರಗಿನ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಎಂ.ಎಸ್ಸಿ. ಸೀಟು ಸಿಕ್ಕಿದೆ. ಶುಲ್ಕ 18,000 ಪೌಂಡ್, ಅದರಲ್ಲಿ 5,000 ಕಟ್ಟಿದ್ದೇವೆ. ಖಾತೆಯಲ್ಲಿ ಎಷ್ಟು ಇರಬೇಕು? 28 ದಿನವನ್ನು ಎಲ್ಲಿಂದ ಎಣಿಸಬೇಕು? – ಶಿವಮೊಗ್ಗ

ಉಳಿದ ಶುಲ್ಕಕ್ಕೆ ಒಂಬತ್ತು ತಿಂಗಳ ಜೀವನವೆಚ್ಚ ಸೇರಿಸಿ. 2025ರ ನವೆಂಬರ್ 11ರಿಂದ ಜೀವನವೆಚ್ಚ ಲಂಡನ್‌ನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171. ನಿಮ್ಮ ಮಗಳಿಗೆ 1,171ರ ಒಂಬತ್ತು ಪಟ್ಟು, ಅಂದರೆ 10,539 ಪೌಂಡ್. ಬಾಕಿ ಶುಲ್ಕ 13,000 ಕೂಡಿದರೆ 23,539. ಪೌಂಡ್‌ಗೆ 120 ರೂಪಾಯಿ ಎಂದಿಟ್ಟುಕೊಂಡರೆ 28,24,680 ರೂಪಾಯಿ ಆಗುತ್ತದೆ. ವಿಶ್ವವಿದ್ಯಾಲಯದ್ದೇ ಹಾಸ್ಟೆಲಿಗೆ ಮುಂಗಡ ಕಟ್ಟಿದ್ದರೆ ಗರಿಷ್ಠ 1,529 ಪೌಂಡ್‌ವರೆಗೆ ಕಳೆಯಬಹುದು. ಖಾಸಗಿ ಮನೆ ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ ಲೆಕ್ಕಕ್ಕೆ ಬರುವುದಿಲ್ಲ.

ಕಟ್ಟಿದ 5,000 ಪೌಂಡ್, ಪ್ರವೇಶ ಖಚಿತಪಡಿಸಿ ವಿಶ್ವವಿದ್ಯಾಲಯ ಕೊಡುವ ಕ್ಯಾಸ್ ಪತ್ರದಲ್ಲಿ ನಮೂದಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಅರ್ಜಿ ಹಾಕುವ ಮೊದಲು ವಿಶ್ವವಿದ್ಯಾಲಯಕ್ಕೆ ಬರೆದು ಸೇರಿಸಿಸಿ.

ಇನ್ನು ದಿನದ ಲೆಕ್ಕ. ಸ್ಟೇಟ್‌ಮೆಂಟಿನ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಬೇಕು. ಸ್ಟೇಟ್‌ಮೆಂಟ್ ಜುಲೈ 10ಕ್ಕೆ ಮುಗಿದರೆ ಜೂನ್ 13ರಿಂದ ಜುಲೈ 10ರವರೆಗಿನ ಅಷ್ಟೂ ದಿನ ಬ್ಯಾಲೆನ್ಸ್ ಬೇಕಾದ ಮೊತ್ತಕ್ಕಿಂತ ಕೆಳಗಿಳಿಯಬಾರದು. ಆ ಕೊನೆಯ ದಿನದಿಂದ 31 ದಿನದೊಳಗೆ ಆನ್‌ಲೈನ್ ಅರ್ಜಿಯ ಶುಲ್ಕ ಕಟ್ಟಿರಬೇಕು. ಆಗಸ್ಟ್ ಮೊದಲ ವಾರದಲ್ಲೇ ಮುಗಿಸಿದರೆ ನೆಮ್ಮದಿ.

ಹೆಚ್ಚಿನವರು ಎಡವುವುದು ನಡುವಿನ ಒಂದು ದಿನದಲ್ಲಿ. ಉದಾಹರಣೆಗೆ, ಖಾತೆಯಲ್ಲಿ ಸರಿಯಾಗಿ 28,25,000 ಇಟ್ಟಿದ್ದೀರಿ ಎನ್ನಿ. ಹತ್ತೊಂಬತ್ತನೇ ದಿನ 14,200 ರೂಪಾಯಿಯ ವಿಮೆ ಕಂತು ತಾನಾಗಿ ಕಡಿತವಾಗಿ ಬ್ಯಾಲೆನ್ಸ್ 28,10,800ಕ್ಕೆ ಇಳಿಯಿತು. ಮರುದಿನವೇ ತುಂಬಿಸಿದಿರಿ. ಆದರೂ ಎಣಿಕೆ ಮತ್ತೆ ಒಂದರಿಂದ ಶುರು. ಆದ್ದರಿಂದ ಸಾಲದ ಕಂತು, ವಿಮೆ, ಎಸ್‌ಐಪಿ ಕಡಿತವಾಗುವ ಖಾತೆಯನ್ನು ಇದಕ್ಕೆ ಬಳಸಲೇಬೇಡಿ. ಅರ್ಜಿಯ ದಿನದ ವಿನಿಮಯ ದರವನ್ನು ಓಆಂಡಾ ತಾಣದಿಂದ ತೆಗೆದುಕೊಳ್ಳುತ್ತಾರೆ. ರೂಪಾಯಿ ಬಿದ್ದರೆ ಕೊರತೆ ಬೀಳದಂತೆ ಶೇಕಡ 5ರಷ್ಟು ಹೆಚ್ಚಿಗೆ ಇಡಿ. ಈ ಲೆಕ್ಕದಲ್ಲಿ 30 ಲಕ್ಷ ಇದ್ದರೆ ಸಾಕು. ವೀಸಾ ಶುಲ್ಕ ಬೇರೆ, ವರ್ಷಕ್ಕೆ 776 ಪೌಂಡಿನ ಆರೋಗ್ಯ ಸರ್‌ಚಾರ್ಜ್ ಬೇರೆ. ಅವನ್ನು ಇನ್ನೊಂದು ಖಾತೆಯಿಂದ ಕಟ್ಟಿ.

ಪ್ರಶ್ನೆ: ಅಡಿಕೆ ಮಾರಿದ ಹಣ ಊರಿನ ಸಹಕಾರ ಸಂಘದಲ್ಲಿ ಠೇವಣಿ ಇದೆ. ಸ್ವಲ್ಪ ಹಣ ನನ್ನ ತಮ್ಮನ ಖಾತೆಯಲ್ಲಿದೆ. ಮಗನ ಬ್ರಿಟನ್ ವೀಸಾಕ್ಕೆ ಇವೆರಡನ್ನೂ ತೋರಿಸಬಹುದೇ? – ಶಿರಸಿ

ಎರಡನ್ನೂ ಈಗಿರುವ ಹಾಗೆ ತೋರಿಸಬೇಡಿ. ಬ್ಯಾಂಕಿಂಗ್ ನಿಯಂತ್ರಕರ ಮೇಲ್ವಿಚಾರಣೆ ಇಲ್ಲದ, ಗಣಕೀಕೃತ ಲೆಕ್ಕವಿಲ್ಲದ ಅಥವಾ ಅಧಿಕಾರಿಗಳು ವಿಚಾರಿಸಿ ಖಚಿತಪಡಿಸಿಕೊಳ್ಳಲಾಗದ ಸಂಸ್ಥೆಯ ಹಣವನ್ನು ಬ್ರಿಟನ್ ಒಪ್ಪುವುದಿಲ್ಲ. ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಎಷ್ಟೇ ನಂಬಿಕಸ್ಥವಾಗಿದ್ದರೂ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳಲ್ಲ. ಠೇವಣಿ ಮುರಿದು ಹಣವನ್ನು ರಾಷ್ಟ್ರೀಕೃತ ಅಥವಾ ದೊಡ್ಡ ಖಾಸಗಿ ಬ್ಯಾಂಕಿನ ಖಾತೆಗೆ ತನ್ನಿ. ಅದು ಜಮೆಯಾದ ದಿನದಿಂದ 28 ದಿನ ಎಣಿಸಿ. ಸಂಘದ ಠೇವಣಿ ರಸೀದಿಯನ್ನೂ ಅಡಿಕೆ ಮಾರಾಟದ ಪಟ್ಟಿಯನ್ನೂ ಎತ್ತಿಡಿ. ಇಷ್ಟು ದೊಡ್ಡ ಮೊತ್ತ ಒಮ್ಮೆಲೇ ಎಲ್ಲಿಂದ ಬಂತು ಎಂದು ಕೇಳಿದರೆ ಬೇಕಾಗುತ್ತದೆ.

ಖಾತೆ ವಿದ್ಯಾರ್ಥಿಯದಾಗಿರಬೇಕು, ಇಲ್ಲವೇ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರದು. ಚಿಕ್ಕಪ್ಪ, ಅಜ್ಜ, ಅಣ್ಣನ ಖಾತೆ ನಡೆಯುವುದಿಲ್ಲ. ನಿಮ್ಮ ತಮ್ಮ ಆ ಹಣವನ್ನು ನಿಮಗೆ ಉಡುಗೊರೆಯಾಗಿ ವರ್ಗಾಯಿಸಲಿ, ಒಂದು ದಾನಪತ್ರವೂ ಇರಲಿ. ಒಡಹುಟ್ಟಿದವರಿಂದ ಬಂದ ಉಡುಗೊರೆಗೆ ಆದಾಯ ತೆರಿಗೆಯಿಲ್ಲ. ತೋಟ, ಸೈಟು, ಬಂಗಾರ, ಷೇರುಗಳ ಮೌಲ್ಯ ಪ್ರಮಾಣಪತ್ರವನ್ನು ಎಷ್ಟು ಚಂದ ಮಾಡಿಸಿದರೂ ಈ ಲೆಕ್ಕಕ್ಕೆ ಬೀಳದು. ಬೇಕೆಂದಾಗ ಮುರಿಯಬಹುದಾದ ಬ್ಯಾಂಕ್ ಎಫ್‌ಡಿ ನಡೆಯುತ್ತದೆ. ಹಾಗೆಂದು ಬ್ಯಾಂಕಿನಿಂದ ಬರೆಸಿಕೊಳ್ಳಿ. ತೆರಿಗೆ ಉಳಿತಾಯದ ಐದು ವರ್ಷದ ಎಫ್‌ಡಿ ಬೇಡ.

ಪ್ರಶ್ನೆ: ಹಣ ತಂದೆಯ ಖಾತೆಯಲ್ಲಿದೆ. ಬ್ಯಾಂಕಿನಲ್ಲಿ ಅವರ ಹೆಸರಿನ ಮುಂದೆ ಎರಡು ಇನಿಷಿಯಲ್, ನನ್ನ ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು. ತೊಂದರೆಯೇ? – ಹಾಸನ

ಸರಿಪಡಿಸದೆ ಬಿಟ್ಟರೆ ತೊಂದರೆಯೇ. ಬ್ರಿಟನ್ ವೀಸಾಕ್ಕೆ ತಂದೆಯ ಹಣ ತೋರಿಸುವಾಗ ಎರಡು ಕಾಗದ ಬೇಕು: ನಿಮ್ಮಿಬ್ಬರ ಸಂಬಂಧ ತೋರಿಸುವ ಜನನ ಪ್ರಮಾಣಪತ್ರ ಮತ್ತು 'ಇವನು ನನ್ನ ಮಗ, ಈ ಹಣವನ್ನು ಇವನ ಓದಿಗೆ ಬಳಸಲು ಒಪ್ಪಿದ್ದೇನೆ' ಎಂದು ತಂದೆ ಸಹಿ ಮಾಡಿದ ಪತ್ರ. ಊರು, ತಂದೆಯ ಹೆಸರು ಇನಿಷಿಯಲ್ ಆಗುವ ನಮ್ಮ ಪದ್ಧತಿ ಅಲ್ಲಿ ಕುಳಿತವರಿಗೆ ಗೊತ್ತಿರುವುದಿಲ್ಲ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಅನ್ನು ನೋಟರಿಯಿಂದ ಮಾಡಿಸಿ, ತಂದೆಯ ಪಾಸ್‌ಪೋರ್ಟ್ ಅಥವಾ ಆಧಾರ್ ಪ್ರತಿ ಜೊತೆಗಿಡಿ. ಸಮಯವಿದ್ದರೆ ಬ್ಯಾಂಕ್ ಖಾತೆಯ ಹೆಸರನ್ನೇ ತಿದ್ದಿಸುವುದು ಒಳ್ಳೆಯದು. ಹಳೆಯ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಬೇಕು. ಅದರಲ್ಲಿ ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಇರಲಿ.

ಪ್ರಶ್ನೆ: ಬ್ರಿಟನ್ನಿನಲ್ಲಿ ಓದಲು ಶಿಕ್ಷಣ ಸಾಲ ಮಂಜೂರಾಗಿದೆ. ಅದಕ್ಕೂ 28 ದಿನ ಕಾಯಬೇಕೇ? – ಕಲಬುರಗಿ

ಬೇಡ. ಆದರೆ ಪತ್ರದ ಒಕ್ಕಣೆಯನ್ನು ಸಾಲು ಸಾಲಾಗಿ ಓದಿ. ಸಾಲ ವಿದ್ಯಾರ್ಥಿಯ ಹೆಸರಿನಲ್ಲಿ ಮತ್ತು ಓದಿಗೆಂದೇ ಇರಬೇಕು. ತಂದೆ ತೆಗೆದ ವೈಯಕ್ತಿಕ ಸಾಲದ ಪತ್ರ ಸಾಲದು. ಪತ್ರದ ದಿನಾಂಕ ಅರ್ಜಿಗೆ ಆರು ತಿಂಗಳಿಗಿಂತ ಹಿಂದಿನದಾಗಿರಬಾರದು. ನಮ್ಮ ಬ್ಯಾಂಕುಗಳ ಪತ್ರದಲ್ಲಿ 'ತಾತ್ವಿಕ ಒಪ್ಪಿಗೆ' ಅಥವಾ 'ಅಡಮಾನ ನೋಂದಣಿಗೆ ಒಳಪಟ್ಟು' ಎಂಬ ಮಾತು ಉಳಿದುಬಿಡುತ್ತದೆ. ವೀಸಾ ಸಿಗಬೇಕು ಎನ್ನುವುದನ್ನು ಬಿಟ್ಟು ಬೇರೆ ಷರತ್ತು ಇರಕೂಡದು. ಮೊದಲು ಅಡಮಾನ, ಸಹಿ ಎಲ್ಲ ಮುಗಿಸಿ, ಆಮೇಲೆ ಅಂತಿಮ ಮಂಜೂರಾತಿ ಪತ್ರ ಕೇಳಿ. ಸಾಲ ಪೂರ್ತಿ ಸಾಲದಿದ್ದರೆ ಉಳಿದಷ್ಟಕ್ಕೆ ಮಾತ್ರ ಖಾತೆಯ ಹಣ ತೋರಿಸಬಹುದು. ಆ ಭಾಗಕ್ಕೆ 28 ದಿನದ ನಿಯಮ ಇದ್ದೇ ಇದೆ.

ಪ್ರಶ್ನೆ: ಜರ್ಮನಿಗೆ ಬ್ಲಾಕ್ಡ್ ಅಕೌಂಟ್ ಮಾಡಬೇಕಂತೆ. ಹಣ ಕಳಿಸುವುದು ಹೇಗೆ? – ಮಂಗಳೂರು

ಅಲ್ಲಿ 28 ದಿನದ ಗೋಜಿಲ್ಲ. ವಿದ್ಯಾರ್ಥಿಯ ಹೆಸರಿನಲ್ಲೇ ಖಾತೆ ತೆರೆದು ಒಂದು ವರ್ಷಕ್ಕೆ 11,904 ಯೂರೊ ಕಟ್ಟಬೇಕು. ಜರ್ಮನಿಗೆ ಹೋದ ಮೇಲೆ ವಿಳಾಸ ನೋಂದಾಯಿಸಿ, ಮಾಮೂಲಿ ಖಾತೆ ತೆರೆದ ನಂತರ ತಿಂಗಳಿಗೆ 992 ಯೂರೊದಂತೆ ಬಿಡುಗಡೆಯಾಗುತ್ತದೆ. ಖಾತೆ ಆನ್‌ಲೈನಿನಲ್ಲೇ ತೆರೆಯಬಹುದು. ಆಮೇಲೆ ನಿಮ್ಮ ಬ್ಯಾಂಕಿನಲ್ಲಿ ಪ್ಯಾನ್, ಪ್ರವೇಶ ಪತ್ರ ಕೊಟ್ಟು, ಎ2 ಫಾರ್ಮ್ ತುಂಬಿ ಹಣ ಕಳಿಸಿ. ಬ್ಲಾಕ್ಡ್ ಖಾತೆಯ ಸಂಸ್ಥೆ ಕೊಟ್ಟ ಉಲ್ಲೇಖ ಸಂಖ್ಯೆಯನ್ನು ತಪ್ಪದೆ ಬರೆಯಿರಿ. ಅದು ತಪ್ಪಿದರೆ ಹಣ ಯಾರದೆಂದು ಗುರುತು ಹಚ್ಚುವುದರಲ್ಲೇ ದಿನಗಳು ಕಳೆಯುತ್ತವೆ.

ನಡುವಿನ ಬ್ಯಾಂಕುಗಳು ಕಮಿಷನ್ ಹಿಡಿದುಕೊಳ್ಳುವುದರಿಂದ ಸರಿಯಾಗಿ 11,904 ಕಳಿಸಿದರೆ ಹತ್ತಿಪ್ಪತ್ತು ಯೂರೊ ಕಮ್ಮಿ ಜಮೆಯಾಗಿ ದೃಢೀಕರಣ ಪತ್ರವೇ ಸಿಗುವುದಿಲ್ಲ. ಖಾತೆ ಶುಲ್ಕದ ಮೇಲೆ 50ರಿಂದ 100 ಯೂರೊ ಜಾಸ್ತಿ ಕಳಿಸಿ. ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ವಸೂಲು ಮಾಡುವ ತೆರಿಗೆ, ಅಂದರೆ ಟಿಸಿಎಸ್ ಬಗ್ಗೆ ಗಾಬರಿ ಬೇಡ: ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಹೊರಗೆ ಕಳಿಸುವ ಮೊದಲ 10 ಲಕ್ಷ ರೂಪಾಯಿಗೆ ಅದಿಲ್ಲ. ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳಿಸಿದ ಹಣಕ್ಕಂತೂ ಇಲ್ಲವೇ ಇಲ್ಲ. ಭಾರತೀಯ ವಿದ್ಯಾರ್ಥಿಗಳಿಗೆ ಬೇಕಾದ, ಅಂಕಪಟ್ಟಿಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರಕ್ಕೆ ಇದಕ್ಕಿಂತ ಮುಂಚೆಯೇ ಅರ್ಜಿ ಹಾಕಿಬಿಡಿ.

ಪ್ರಶ್ನೆ: ಏಜೆಂಟರೊಬ್ಬರು ಒಂದು ತಿಂಗಳ ಮಟ್ಟಿಗೆ ಖಾತೆಗೆ ಹಣ ಹಾಕಿ 'ಶೋ ಮನಿ' ಮಾಡಿಕೊಡುತ್ತೇನೆ, ಕಮಿಷನ್ ಕೊಡಿ ಎನ್ನುತ್ತಿದ್ದಾರೆ. – ಬೆಂಗಳೂರು

ದಯವಿಟ್ಟು ಒಪ್ಪಬೇಡಿ. ಆ ಹಣ ಓದಿಗೆ ನಿಜವಾಗಿ ಸಿಗುವಂಥದ್ದಲ್ಲ. ಅಧಿಕಾರಿಗಳು ನೇರ ಬ್ಯಾಂಕಿಗೇ ವಿಚಾರಿಸುತ್ತಾರೆ. ಸುಳ್ಳು ದಾಖಲೆ ಕೊಟ್ಟದ್ದು ಸಾಬೀತಾದರೆ ಬ್ರಿಟನ್ ವೀಸಾ ಹತ್ತು ವರ್ಷದವರೆಗೆ ಸಿಗದೆ ಹೋಗಬಹುದು, ಬೇರೆ ದೇಶಗಳ ಅರ್ಜಿಯಲ್ಲೂ ಆ ನಿರಾಕರಣೆಯನ್ನು ಬರೆಯಬೇಕಾಗುತ್ತದೆ. ಹಣ ಕಡಿಮೆ ಬೀಳುತ್ತಿದ್ದರೆ ಪ್ರವೇಶವನ್ನು ಮುಂದಿನ ಜನವರಿಗೆ ಹಾಕಿಕೊಡಲು ವಿಶ್ವವಿದ್ಯಾಲಯವನ್ನು ಕೇಳಿ. ಅಷ್ಟರಲ್ಲಿ ಸಾಲದ ಕಾಗದಪತ್ರ ಮುಗಿಸಿಕೊಳ್ಳಲು ನಾಲ್ಕು ತಿಂಗಳು ಸಿಗುತ್ತದೆ.